ಎರಡು ಫೋನು, ಒಂದು ಗುರುತು

ಒಂಬತ್ತು ವರ್ಷ ನಾನು ಮಾಡಿದ ಕೆಲಸವನ್ನು ಒಂದೇ ಸಾಲಿನಲ್ಲಿ ಹೇಳಿ ಮುಗಿಸಬಹುದು: ಈಗ ಮಾಹಿತಿ ಕಳಿಸುತ್ತಿರುವ ಫೋನು ನಿನ್ನೆ ಕಳಿಸಿದ ಅದೇ ಫೋನು ಹೌದೋ ಅಲ್ಲವೋ ಎಂದು ಹೇಳುವುದು. ಕೇಳಿದವರಿಗೆ ಇದೂ ಒಂದು ಕೆಲಸವೇ ಅನ್ನಿಸುತ್ತದೆ. ಸೇರಿದ ಮೊದಲ ವಾರ ನನಗೂ ಹಾಗೇ ಅನ್ನಿಸಿತ್ತು.

ಮೂವತ್ತನಾಲ್ಕನೆಯ ವಯಸ್ಸಿಗೆ ಕೆಲಸ ಬಿಟ್ಟು ಆಳಂದದ ಮನೆಗೆ ಬಂದಿದ್ದೇನೆ. ಪಕ್ಕದ ಮನೆಯವರು "ಇಷ್ಟ್ ಜಲ್ದಿ ರಿಟೈರ್ ಆದ್ರೇನ್ರಿ?" ಎಂದು ಕೇಳಿ ನಗುತ್ತಾರೆ. ಯಾಕೆ ಬಿಟ್ಟೆ ಎಂಬುದರಲ್ಲಿ ಅರ್ಧ ನನ್ನ ಸ್ವಂತದ್ದು; ಅದನ್ನು ಬರೆಯುವುದಿಲ್ಲ. ಉಳಿದರ್ಧ ಬರೆಯಬೇಕಾಗಿದೆ. ಕಡಗಂಚಿಯ ವಿಶ್ವವಿದ್ಯಾಲಯದಲ್ಲಿ ನಾನು ಓದಿದ ವಿಭಾಗದಿಂದ ಈ ಕೆಲಸಕ್ಕೆ ಸೇರುವ ಹುಡುಗಿಯರು ಆಗಾಗ ಬಂದು ಕೇಳುತ್ತಾರೆ, ಅವರಿಗೆ ವಿಧಾನಗಳನ್ನೆಲ್ಲ ಹೇಳಿಕೊಟ್ಟಿದ್ದೇನೆ. ಇಜೇರಿಯ ಮಹಾನಂದಾ ಎಂಬ ಹೆಣ್ಣುಮಗಳ ವಿಷಯ ಮಾತ್ರ ಯಾರಿಗೂ ಹೇಳಿಲ್ಲ. ನನ್ನ ಬಾಯಿಂದ ಬಂದ ಒಂದು ಮಾತಿಗೆ ಅವಳ ಕೆಲಸ ಹೋಯಿತು, ಊರಲ್ಲಿ ಹೆಸರು ಕೆಟ್ಟಿತು, ಒಡಹುಟ್ಟಿದ ಅಕ್ಕನ ಜೊತೆ ಮಾತು ನಿಂತಿತು. ವಿಧಾನಗಳು ಹಳತಾಗುತ್ತವೆ. ಇದು ಹಳತಾಗುವುದಿಲ್ಲ ಎಂದು ಬರೆಯುತ್ತಿದ್ದೇನೆ.

ನಾನಿದ್ದದ್ದು ಕಲಬುರಗಿಯಲ್ಲಿ ಎರಡು ಕೋಣೆಯ ಒಂದು ಸಣ್ಣ ಸಂಸ್ಥೆ. ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲ್ಲೂಕಿನ ಹಳ್ಳಿಗಳಲ್ಲಿ ಬೋರ್‌ವೆಲ್ ನೀರು ಪರೀಕ್ಷಿಸುವುದು ಅದರ ಕೆಲಸ. ಹಳ್ಳಿಗೊಬ್ಬ ಹೆಣ್ಣುಮಗಳು. ವಾರಕ್ಕೆರಡು ಸಲ ಬೋರುಗಳನ್ನು ಸುತ್ತಿ, ಗಾಜಿನ ಕೊಳವೆಯಲ್ಲಿ ನೀರು ಹಿಡಿದು, ಸಣ್ಣ ಬಾಟಲಿಯಿಂದ ಔಷಧದ ಹನಿ ಹಾಕಬೇಕು. ಗುಲಾಬಿ ಬಣ್ಣ ಹಳದಿಯ ಕಡೆಗೆ ತಿರುಗಿದಷ್ಟೂ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಬಣ್ಣ ನೋಡಿ ಆಪ್‌ನಲ್ಲಿ ಅಂಕೆ ತುಂಬಬೇಕು; ಕೆಟ್ಟ ಬೋರಿಗೆ ಕೆಂಪು ಪಟ್ಟಿ ಬಳಿಯಬೇಕು. ಆ ಆಪ್ ಬರೆದವಳು ನಾನು.

ಹೆಸರು ಮತ್ತು ಪಾಸ್‌ವರ್ಡ್ ಸಾಲುತ್ತಿರಲಿಲ್ಲ. ಪಾಸ್‌ವರ್ಡ್ ಗೋಡೆಯ ಕ್ಯಾಲೆಂಡರಿನ ಮೇಲೆ ಪೆನ್ನಿನಲ್ಲಿ ಬರೆದಿರುತ್ತಿತ್ತು, ಮನೆಗೆ ಬಂದವರೆಲ್ಲ ಓದುವ ಹಾಗೆ. ಆದ್ದರಿಂದ ಮನುಷ್ಯರನ್ನು ಬಿಟ್ಟು ಫೋನನ್ನೇ ಗುರುತು ಹಿಡಿಯಬೇಕೆಂದು ತೀರ್ಮಾನವಾಯಿತು. ಒಬ್ಬಳಿಗೆ ಒಂದು ಫೋನು, ಫೋನಿಗೆ ಒಂದು ಗುರುತು.

ಶುರುವಿನಲ್ಲಿ ಪ್ರತಿ ಫೋನಿಗೂ ಕಂಪನಿ ಕೊಟ್ಟ ಹದಿನೈದು ಅಂಕೆಯ ಸಂಖ್ಯೆಯನ್ನು ಆಪೇ ಓದಿಕೊಳ್ಳುತ್ತಿತ್ತು. ಆಮೇಲೆ ಫೋನಿನ ವ್ಯವಸ್ಥೆ ಹೊರಗಿನ ಆಪ್‌ಗಳಿಗೆ ಅದನ್ನು ತೋರಿಸುವುದನ್ನು ನಿಲ್ಲಿಸಿತು. ಕಾರಣ ಸರಿಯಾದದ್ದೇ. ನನ್ನ ಕೈಯಲ್ಲಿರುವ ಫೋನನ್ನು ಕಂಡಕಂಡ ಆಪ್ ಜೀವನಪೂರ್ತಿ ಗುರುತು ಹಿಡಿಯುವುದು ನನಗೂ ಬೇಡ. ಆದರೆ ಕೆಲಸ ನಡೆಯಬೇಕಲ್ಲ. ವೈಫೈ ಭಾಗಕ್ಕೆ ಬೇರೆ ಒಂದು ವಿಳಾಸ ಇರುತ್ತದೆ, ಅದನ್ನು ಹಿಡಿದುಕೊಂಡೆ. ಕೆಲವು ತಿಂಗಳು ಚೆನ್ನಾಗಿ ನಡೆಯಿತು.

ಒಂದು ದಿನ ಆಳಂದದ ಶಾಲೆಯ ಕೋಣೆಯಲ್ಲಿ ತರಬೇತಿ. ನಲವತ್ತು ಹೆಣ್ಣುಮಕ್ಕಳು ಹೊಸ ಫೋನು ಹಿಡಿದು ಕೂತಿದ್ದರು. ಮೊದಲನೆಯವಳ ನೋಂದಣಿ ಆಯಿತು. ಎರಡನೆಯವಳಿಗೆ "ಈ ಫೋನು ಈಗಾಗಲೇ ಬೇರೆಯವರ ಹೆಸರಿನಲ್ಲಿದೆ" ಎಂದು ಬಂತು. ಮೂರನೆಯವಳಿಗೂ ಅದೇ, ಹತ್ತನೆಯವಳಿಗೂ ಅದೇ.

"ನನ್ನ ಫೋನ್ ನಂದಲ್ಲ ಅಂತದ್ರಿ ಇದು," ಎಂದಳು ಒಬ್ಬಳು. "ಮನ್ಯಾಗ ನನ್ನ ಗಂಡನೂ ಹಿಂಗೇ ಅಂತಾನ."

ಕೋಣೆಯೆಲ್ಲ ನಕ್ಕಿತು. ಹೊಸ ಫೋನುಗಳಲ್ಲಿ ಆ ವಿಳಾಸವನ್ನೂ ಮುಚ್ಚಿಬಿಟ್ಟಿದ್ದರು. ಯಾವ ಆಪ್ ಕೇಳಿದರೂ ಎಲ್ಲ ಫೋನುಗಳೂ ಒಂದೇ ಉತ್ತರ ಕೊಡುತ್ತಿದ್ದವು: ಸೊನ್ನೆ ಎರಡು, ಆಮೇಲೆ ಬರೀ ಸೊನ್ನೆಗಳು. ಅದನ್ನು ಓದಿಕೊಳ್ಳದೆ ನಾನು ತರಬೇತಿಗೆ ಹೋಗಿದ್ದೆ.

ನಮ್ಮ ಸಂಸ್ಥೆಯ ಮುಖ್ಯಸ್ಥರು ಗುಂಡೇರಾವ್ ಸರ್. ನೀರು ಸರಬರಾಜಿನಲ್ಲಿ ಇಂಜಿನಿಯರ್ ಆಗಿದ್ದು ನಿವೃತ್ತರಾದವರು. ಕಂಪ್ಯೂಟರ್ ಅವರಿಗೆ ತಿಳಿಯುತ್ತಿರಲಿಲ್ಲ, ಆದರೆ ಕೇಳಬೇಕಾದದ್ದನ್ನೇ ಕೇಳುತ್ತಿದ್ದರು. ಅವತ್ತು ಬಾಗಿಲಲ್ಲಿ ನಿಂತು, "ಇಡೀ ಆಳಂದ ತಾಲ್ಲೂಕಿಗಿ ಒಂದೇ ಫೋನ್ ಅದ ಅಂತಲ್ಲವ್ವಾ ನಿನ್ನ ಆಪು. ಹಂಗಾದ್ರ ಇವರ ಕೈಯಾಗ ಇರೋವು ಏನು?" ಎಂದರು.

ಆಮೇಲೆ ಫೋನಿನ ವ್ಯವಸ್ಥೆ ಆಪ್‌ಗಳಿಗಾಗಿಯೇ ಕೊಡುವ ಬೇರೊಂದು ಸಂಖ್ಯೆಗೆ ಬಂದೆ. ಅದು ಆಪ್‌ನ ರುಜುವಿಗೆ, ಅಂದರೆ ಆಪ್ ನಮ್ಮದೇ ಎಂದು ಸಾಬೀತು ಮಾಡುವ ಗುಪ್ತ ಕೀಲಿಗೆ, ಅಂಟಿಕೊಂಡಿರುತ್ತದೆ. ಲ್ಯಾಪ್‌ಟಾಪ್ ಬದಲಿಸುವಾಗ ನಾನು ಹಳೆಯ ಕೀಲಿ ಕಳೆದುಕೊಂಡು ಹೊಸದು ಮಾಡಿಕೊಂಡೆ. ಆಪ್ ಮತ್ತೆ ಹಾಕಿದಾಗ ಎಲ್ಲ ಫೋನುಗಳೂ ನಮಗೆ ಅಪರಿಚಿತವಾದವು. ಮೂರು ತಾಲ್ಲೂಕು ಬಸ್ಸಿನಲ್ಲಿ ಸುತ್ತಿ ಮತ್ತೆ ನೋಂದಣಿ ಮಾಡಿಸಿದೆ. ಕೀಲಿಯನ್ನು ಎರಡು ಕಡೆ ಇಟ್ಟುಕೊಳ್ಳಿ. ಈ ಬರಹದಲ್ಲಿ ನೇರವಾಗಿ ಉಪಯೋಗಕ್ಕೆ ಬರುವ ಮಾತು ಬಹುಶಃ ಇದೊಂದೇ.

ಮೂರು ಸಲ ಬೇರೆಯವರು ಕೊಟ್ಟ ಸಂಖ್ಯೆ ನಂಬಿ ಕೆಟ್ಟಿದ್ದೆ. ನಾಲ್ಕನೆಯ ಸಲ ನಾನೇ ಸಂಖ್ಯೆ ಹುಟ್ಟಿಸಿದೆ. ಆಪ್ ಮೊದಲ ಸಲ ತೆರೆದಾಗ ಒಂದು ಉದ್ದನೆಯ ಸಂಖ್ಯೆ ತಾನಾಗಿ ಹುಟ್ಟುತ್ತದೆ, ಫೋನಿನೊಳಗೇ ಕೂರುತ್ತದೆ, ಪ್ರತಿ ಮಾಹಿತಿಯ ಜೊತೆ ನಮಗೆ ಬರುತ್ತದೆ. ಎರಡು ಫೋನಿನಲ್ಲಿ ಒಂದೇ ಸಂಖ್ಯೆ ಹುಟ್ಟುವುದು ಇಲ್ಲವೆನ್ನುವಷ್ಟು ಅಪರೂಪ. ಲೆಕ್ಕ ಸರಿಯಿತ್ತು. ಸಂಖ್ಯೆ ಹುಟ್ಟುವುದರ ಬಗ್ಗೆ ಅಷ್ಟು ಯೋಚಿಸಿದವಳು, ಹುಟ್ಟಿದ ಮೇಲೆ ಅದು ಇನ್ನೊಂದು ಮನೆಗೆ ಹೋಗಬಹುದೆಂದು ಯೋಚಿಸಲಿಲ್ಲ.

ಆಳಂದದ ಗಲಾಟೆಗೆ ಹೆದರಿ ಇನ್ನೊಂದು ಬದಲಾವಣೆ ಮಾಡಿದೆ. ನೋಂದಣಿಯ ಹೊತ್ತಿಗೆ ಯಾರನ್ನೂ ತಡೆಯುವುದು ಬೇಡ, ತಿಂಗಳ ಕೊನೆಗೆ ಒಂದು ಪಟ್ಟಿ ತೆಗೆದು ಒಂದೇ ಫೋನಿನಿಂದ ಎರಡು ಹೆಸರು ಬಂದಿದೆಯೇ ನೋಡಿದರಾಯಿತು ಎಂದುಕೊಂಡೆ. ಎಲ್ಲರ ಮುಂದೆ ನಗೆಪಾಟಲಾಗುವುದು ತಪ್ಪುತ್ತಿತ್ತು. ನನ್ನದು.

ಆ ಪಟ್ಟಿ ಮೊದಲು ಹಿಡಿದದ್ದು ಅಫಜಲಪುರ ತಾಲ್ಲೂಕಿನ ಶಿವರಾಯ ಎಂಬವನನ್ನು. ಭೀಮಾ ದಂಡೆಯ ಹಳ್ಳಿಯವನು. ಹೆಂಡತಿಯ ಹೆಸರಿಗಿದ್ದ ಕೆಲಸವನ್ನು ತಾನೇ ಮಾಡುತ್ತಿದ್ದ, ಜೊತೆಗೆ ಸುತ್ತಲಿನ ನಾಲ್ಕು ಹಳ್ಳಿಗಳದ್ದನ್ನೂ. ಮಾಡುತ್ತಿದ್ದದ್ದು ಚಹಾದ ಹೋಟೆಲಿನಲ್ಲಿ ಕೂತು. ಫೋನು ಇರುವ ಜಾಗವನ್ನು ಸುಳ್ಳು ತೋರಿಸುವ ಆಪ್ ಒಂದಿತ್ತು. ಅದರಿಂದ ಒಂದು ಗಂಟೆಯಲ್ಲಿ ಐದು ಹಳ್ಳಿ ಸುತ್ತಿಬಿಡುತ್ತಿದ್ದ. ನಮ್ಮ ನಕ್ಷೆಯಲ್ಲಿ ಐದು ಕಡೆ ಚುಕ್ಕಿ ಮೂಡುತ್ತಿದ್ದವು. ಪಟ್ಟಿಯಲ್ಲಿ ಮಾತ್ರ ಒಂದೇ ಗುರುತು, ಐದು ಹೆಸರು.

ಗುಂಡೇರಾವ್ ಸರ್ ಕರೆಸಿ ಕೇಳಿದಾಗ ಅವನು ಅಂಜಲಿಲ್ಲ. "ಐದು ಮಂದಿ ಮಾಡೂ ಕೆಲಸ ಒಬ್ಬನೇ ಮಾಡೇನಿ ಅಂದ್ರ ನನಗ ಶಾಲು ಹೊದಸಬೇಕ್ರಿ ನೀವು," ಎಂದ.

"ನೀರು ನೋಡಿದಿ ಏನಲೇ?"

"ನೀರ್ ಏನ್ ನೋಡೂದ್ರಿ. ಹೊಳಿ ದಂಡಿ ಮ್ಯಾಲೇ ಇರ್ತೇನಿ."

ಅವನನ್ನು ತೆಗೆದರು. ಸರ್ ಎಲ್ಲರೆದುರು ನನ್ನನ್ನು ಹೊಗಳಿದರು. ಅಂದಿನಿಂದ ನಾನು ಎರಡು ಮಾತು ನಂಬಿದೆ. ಜಾಗ ಸುಳ್ಳು ಹೇಳಬಹುದು. ಗುರುತು ಸುಳ್ಳು ಹೇಳುವುದಿಲ್ಲ. ಪಟ್ಟಿಯಲ್ಲಿ ಹೆಸರು ಬಂದವರನ್ನು ಸಂಸ್ಥೆಯಲ್ಲಿ ಯಾರೂ ಎರಡನೆಯ ಸಲ ವಿಚಾರಿಸದ ಹಾಗಾಯಿತು.

ಮರುವರ್ಷ ಪಟ್ಟಿಯಲ್ಲಿ ಒಂದು ಗುರುತಿನ ಮುಂದೆ ಎರಡು ಹೆಸರು ಬಂದವು. ಒಂದು ಗಂಗೂಬಾಯಿ, ಹಿರೋಳ್ಳಿ. ಇನ್ನೊಂದು ಮಹಾನಂದಾ, ಇಜೇರಿ. ಹಿರೋಳ್ಳಿ ಇರುವುದು ಆಳಂದದ ಆಚೆ ಮಹಾರಾಷ್ಟ್ರದ ಗಡಿಗೆ. ಇಜೇರಿ ಜೇವರ್ಗಿಯ ಕಡೆ. ಒಂದೇ ಮುಂಜಾನೆ ಒಂದು ಫೋನು ಎರಡೂ ಕಡೆ ಇರಲಾರದು. ನಕ್ಷೆ ಎರಡು ಜಾಗ ತೋರಿಸುತ್ತಿತ್ತು, ನಿಜ. ನಕ್ಷೆಯನ್ನು ನಾನು ಶಿವರಾಯನ ದಿನವೇ ನಂಬುವುದು ಬಿಟ್ಟಿದ್ದೆ.

ಕಡತ ತೆಗೆದು ನೋಡಿದರೆ ಇಬ್ಬರೂ ಅಕ್ಕತಂಗಿಯರು. ಗಂಗೂಬಾಯಿ ಅಕ್ಕ, ಮೊದಲಿನಿಂದ ಕೆಲಸದಲ್ಲಿದ್ದವಳು. ಮಹಾನಂದಾ ಇಜೇರಿಗೆ ಕೊಟ್ಟ ತಂಗಿ, ಆರು ತಿಂಗಳ ಹಿಂದೆ ಅಕ್ಕನ ಮಾತಿನಿಂದಲೇ ಸೇರಿದವಳು. ನನಗಿದ್ದ ಅಷ್ಟಿಷ್ಟು ಅನುಮಾನವೂ ಅಲ್ಲಿಗೆ ಮುಗಿಯಿತು. ತಂಗಿ ಬೋರಿಗೆ ಹೋಗದೆ ಅಕ್ಕನ ಫೋನಿನಿಂದ ಅಂಕೆ ಹಾಕಿಸುತ್ತಿದ್ದಾಳೆ ಎಂದುಕೊಂಡೆ.

ಗಂಗೂಬಾಯಿಗೆ ಫೋನು ಮಾಡಿದೆ. ನಾನು ಕೇಳಿದ ಮಾತನ್ನು ಇದ್ದ ಹಾಗೆ ಬರೆಯುತ್ತೇನೆ. "ನಿಮ್ಮ ತಂಗಿ ಹೆಸರಿನ ಮಾಹಿತಿ ನಿಮ್ಮ ಫೋನಿನಿಂದ ಬಂದದ್ರಿ. ನಿಮಗ ಗೊತ್ತಿಲ್ದಂಗ ಆಕಿ ಮಾಡಿರಬಹುದೇನು? ಇಲ್ಲಂದ್ರ ಇಬ್ಬರ ಹೆಸರೂ ತಗೀಬೇಕಾಗ್ತದ."

ಆ ಕಡೆ ಎಲ್ಲೋ ಎಮ್ಮೆ ಕೂಗುತ್ತಿತ್ತು.

"ಪಂಚಮಿಗಿ ಬಂದಿದ್ದಳ್ರಿ ಆಕಿ," ಎಂದಳು ಗಂಗೂಬಾಯಿ. "ನನ್ನ ಫೋನ್ ಹಿಡ್ಕೊಂಡ್ ಕುಂತಿದ್ದಳು ಸ್ವಲ್ಪ ಹೊತ್ತು." ಆಮೇಲೆ, "ಮಾಡಿರಬಹುದ್ರಿ," ಎಂದಳು.

ಕಡತದಲ್ಲಿ ನಾನು ಬರೆದದ್ದು ಎರಡು ಪದ: ಸಹೋದರಿ ಒಪ್ಪಿಕೊಂಡಿದ್ದಾರೆ. ನನ್ನ ಪ್ರಶ್ನೆಯನ್ನು ಬರೆಯಲಿಲ್ಲ.

ಜೇವರ್ಗಿ ಬಸ್ ನಿಲ್ದಾಣದ ಹಿಂದೆ ನಮಗೊಂದು ಬಾಡಿಗೆ ಕೋಣೆ ಇತ್ತು. ಅಲ್ಲಿಗೆ ಗುಂಡೇರಾವ್ ಸರ್ ಮಹಾನಂದಾಳನ್ನು ಕರೆಸಿದರು. ನನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬೇಕು. ಕೈಯಲ್ಲಿ ಒಂದು ಬಟ್ಟೆಯ ಚೀಲ. ಕೂರಲು ಹೇಳಿದರೂ ಕೂರದೆ ಚೀಲ ಮೇಜಿನ ಮೇಲೆ ಸುರಿದಳು. ಔಷಧದ ಖಾಲಿ ಬಾಟಲಿಗಳು.

"ಎಣಿಸ್ರಿ ಸರ್. ನೀವು ಕೊಟ್ಟವು ಎಲ್ಲಾ ಅದಾವ. ಬೋರಿಗಿ ಹೋಗಿಲ್ಲಂದ್ರ ಇದರಾಗಿನ ಹನಿ ಎಲ್ಲಿ ಹೋದ್ವು? ನಾ ಕುಡದೆನೇನು?"

ಗುಂಡೇರಾವ್ ಸರ್ ನನ್ನ ಕಡೆ ನೋಡಿದರು. "ಬಾಟ್ಲಿ ಖಾಲಿ ಮಾಡಲಿಕ್ಕಿ ಬೋರಿಗೇ ಹೋಗಬೇಕಂತಿಲ್ಲ ಸರ್," ಎಂದೆ. ದನಿ ಎತ್ತದೆ ಹೇಳಿದೆ. ಅದು ನನ್ನ ಅಭ್ಯಾಸ.

ಮಹಾನಂದಾ ನನ್ನನ್ನು ಮೊದಲ ಸಲ ಸರಿಯಾಗಿ ನೋಡಿದಳು. "ಮೇಡಂ, ನೀವು ಇಜೇರಿಗಿ ಬಂದೀರೇನ್ರಿ ಒಂದಿನ?"

"ಬರೂದು ಬೇಕಿಲ್ರಿ. ಫೋನ್ ಹೇಳ್ತದ."

"ಹಂಗಾದ್ರ ಫೋನೇ ನೋಡ್ರಿ." ಸೊಂಟದಿಂದ ತನ್ನ ಫೋನು ತೆಗೆದು ಚಾಚಿದಳು. "ಇದು ನಂದು. ಅಕ್ಕಂದು ಅಕ್ಕನ ಕೈಯಾಗ ಅದ. ಎರಡು ಫೋನ್ ಅವ್ರಿ. ಇದರಾಗ ಏನೋ ಐಬ್ ಅದ. ನಾ ಹಾಕಲಾರ್ದ ಹೆಸರು ಬರ್ತಾವ. ನಮ್ಮಕ್ಕ ಯಾರದರ ನಂಬರ್ ಬರ್ಕೊಂಡ್ರ ನನ್ನ ಫೋನಿನಾಗೂ ಮೂಡ್ತದ."

ಉತ್ತರ ನನ್ನ ಕೈಗೇ ಕೊಟ್ಟಿದ್ದಳು. ಎರಡು ಫೋನು ಒಂದೇ ಖಾತೆಯಲ್ಲಿ ನಡೆಯುತ್ತಿವೆ ಎಂದು ತಿಳಿಯಲು ಅಷ್ಟು ಸಾಕಿತ್ತು. ಅಲ್ಲಿಂದ ಇನ್ನೊಂದು ಹೆಜ್ಜೆ ಇಟ್ಟಿದ್ದರೆ ನಿಜ ಸಿಗುತ್ತಿತ್ತು. ನಾನು ಫೋನು ಮುಟ್ಟಲಿಲ್ಲ. "ಅದು ಬ್ಯಾರೆ ವಿಷಯ," ಎಂದೆ. ಇನ್ನೊಂದು ಫೋನು ತೋರಿಸುವುದು ಯಾರಿಗೂ ಕಷ್ಟವಲ್ಲ ಎಂದು ಮನಸ್ಸಿನಲ್ಲಿ ಅಂದುಕೊಂಡದ್ದು ನೆನಪಿದೆ.

ಸರ್ ಕಡತ ತೆಗೆದು ಆ ಎರಡು ಪದ ಓದಿದರು.

"ನಮ್ಮಕ್ಕ ಅಂದಳೇನ್ರಿ ಹಂಗ?"

"ಅಂದಾರವ್ವಾ," ಎಂದರು ಸರ್. ಆಮೇಲೆ ನನ್ನ ಕಡೆ ತಿರುಗಿ, "ಖಾತ್ರಿ ಏನವ್ವಾ?" ಎಂದು ಕೇಳಿದರು. ಕೇಳಬೇಕಾದದ್ದನ್ನೇ ಕೇಳುವವರು ಎಂದೆನಲ್ಲ.

"ಖಾತ್ರಿ ಸರ್," ಎಂದೆ.

ಮಹಾನಂದಾ ಬಾಟಲಿಗಳನ್ನು ಒಂದೊಂದಾಗಿ ಚೀಲಕ್ಕೆ ತುಂಬಿದಳು. ಒಂದು ಮೇಜಿನಡಿಗೆ ಉರುಳಿತ್ತು. ಬಗ್ಗಿ ಎತ್ತಿಕೊಟ್ಟೆ. "ನೀವೇ ಇಟ್ಕೋರ್ರಿ," ಎಂದು ಹೊರಟುಹೋದಳು.

ಇಜೇರಿಯಲ್ಲಿ ಆಮೇಲೆ ಏನಾಯಿತೆಂದು ಆ ಕಡೆಯ ಇನ್ನೊಬ್ಬ ಕೆಲಸದವಳಿಂದ ತಿಳಿಯಿತು. ಊರ ಅಗಸಿ ಬಾಗಿಲ ಹತ್ತಿರದ ಬೋರಿಗೆ ಮಹಾನಂದಾ ಕೆಂಪು ಪಟ್ಟಿ ಬಳಿದಿದ್ದಳು. ಅವಳ ಮಾತು ನಂಬಿ ಆ ಓಣಿಯವರು ದೂರದ ಬೋರಿನಿಂದ ಕೊಡ ಹೊರುತ್ತಿದ್ದರು. ಅವಳನ್ನು ತೆಗೆದ ಸುದ್ದಿ ಬಂದ ವಾರವೇ ಯಾರೋ ಕೆಂಪು ಕೆರೆದು ತೆಗೆದರು. ಕುಂತಲ್ಲೇ ಬರೆದವಳ ಮಾತು ಕೇಳಿ ಇಷ್ಟು ದಿನ ಸೊಂಟ ಮುರಿದುಕೊಂಡೆವಲ್ಲ ಎಂದು ಅವಳ ಮನೆಯ ಮುಂದೆಯೇ ಆಡಿಕೊಂಡರಂತೆ. ಆ ಬೋರಿನ ನೀರು ಮತ್ತೆ ಕುಡಿಯತೊಡಗಿದರು. ಹೊಸಬಳು ಬಂದು ಪರೀಕ್ಷಿಸಿ ಮತ್ತೆ ಕೆಂಪು ಬಳಿಯುವ ಹೊತ್ತಿಗೆ ನಾಲ್ಕು ತಿಂಗಳಾಗಿತ್ತು. ಹೊಸಬಳ ಅಂಕೆಯೂ ಮಹಾನಂದಾಳ ಅಂಕೆಯೂ ಒಂದೇ ಆಗಿದ್ದವು. ಎರಡನ್ನೂ ನಾನು ಪರದೆಯ ಮೇಲೆ ನೋಡಿದೆ. ಕುಂತಲ್ಲೇ ಬರೆದವಳ ಅಂಕೆ ಅಷ್ಟು ಸರಿಯಾಗಿ ಹೇಗೆ ಬಂತು ಎಂದು ಒಂದು ಕ್ಷಣ ಅನ್ನಿಸಿತು. ಬೇರೆ ಕೆಲಸ ಇತ್ತು. ಪರದೆ ಮುಚ್ಚಿದೆ.

ಇದಾಗಿ ವರ್ಷದ ಮೇಲಾಗಿತ್ತು. ನಮ್ಮವ್ವನಿಗೆ ಫೋನು ಕೊಡಿಸಲು ಆಳಂದದ ಅಂಗಡಿಗೆ ಹೋದೆ. ಅಂಗಡಿಯ ಖಾಜಾಭಾಯಿ ಮಾತುಗಾರ. ಪೆಟ್ಟಿಗೆ ಒಡೆಯುತ್ತಲೇ, "ನಿಮ್ಮ ಫೋನ್ ಕೊಡ್ರಿ ಮೇಡಂ," ಎಂದು ಕೈ ಚಾಚಿದ.

"ನಂದು ಯಾಕ್ರಿ? ಹೊಸಾದು ನಮ್ಮವ್ವಂದು."

"ನಿಮ್ಮವ್ವಗ ಇಮೇಲ್ ಅದ ಏನು? ಇಲ್ಲ. ಪಾಸ್‌ವರ್ಡ್ ನೆನಪ್ ಇರ್ತದೇನು? ಇಲ್ಲ. ಅದಕ್ಕ ಒಂದ್ ಮನಿಗಿ ಒಂದ್ ಅಕೌಂಟ್. ಮನ್ಯಾಗ ಯಾರದರ ಹಳೇ ಫೋನ್ ಇದ್ದೇ ಇರ್ತದ. ಅದರ ನಕಲ್ ಹೊಡದು ಹೊಸಾದ್ರಾಗ ಇಳಸ್ತೇನಿ. ಆಪ್ ಗೀಪ್ ಎಲ್ಲಾ ರೆಡಿ. ಹೆಣ್ಮಕ್ಕಳು ಖುಷ್, ನನಗೂ ತಲಿಬ್ಯಾನಿ ಇಲ್ಲ."

ಪರೀಕ್ಷೆಗೆಂದು ನಮ್ಮ ಆಪ್ ನನ್ನ ಫೋನಿನಲ್ಲೂ ಇತ್ತು. ಫೋನು ಅವನ ಕೈಗೆ ಕೊಟ್ಟೆ. ಎರಡು ಫೋನುಗಳನ್ನು ಪಕ್ಕಪಕ್ಕ ಇಟ್ಟು ಏನೇನೋ ಒತ್ತಿ ಅವನು ಚಹಾ ತರಿಸಿದ. ಚಹಾ ಮುಗಿಯುವಷ್ಟರಲ್ಲಿ ಅವ್ವನ ಫೋನಿನಲ್ಲಿ ನಮ್ಮ ಆಪ್ ಬಂದು ಕೂತಿತ್ತು. ತೆರೆದು ಒಳಗಿನ ಉದ್ದನೆಯ ಸಂಖ್ಯೆ ನೋಡಿದೆ. ನನ್ನ ಫೋನಿನದೂ ನೋಡಿದೆ. ಒಂದೊಂದೇ ಅಕ್ಷರ ಓದಿ ಹೋಲಿಸಿದೆ, ಎರಡು ಸಲ. ಒಂದೇ.

"ಖಾಜಾಭಾಯಿ, ಹಿರೋಳ್ಳಿ ಗಂಗೂಬಾಯಿ ಗೊತ್ತೇನ್ರಿ?"

"ನೀರಿನ ಅಕ್ಕ ಏನು? ಯಾಕ್ ಗೊತ್ತಿಲ್ಲ. ಆಗ ಪಂಚಮಿಗಿ ಬಂದ ತಂಗೀನ್ನೂ ಕರ್ಕೊಂಡ್ ಬಂದಿದ್ದಳು, ಇಜೇರಿಗಿ ಕೊಟ್ಟಾಕೀನ್ನ, ಹೊಸ ಫೋನ್ ತಗೊಳ್ಳಲಿಕ್ಕಿ. ಅಕ್ಕನ ಫೋನಿನಾಗ ಇದ್ದಂಗೇ ಎಲ್ಲಾ ಬೇಕು ಅಂದಳು. ಇದ್ದಂಗೇ ಮಾಡಿ ಕೊಟ್ಟೇನಿ." ತನ್ನ ಕೆಲಸದ ಬಗ್ಗೆ ಅವನಿಗೆ ಹೆಮ್ಮೆಯಿತ್ತು. ಹೆಮ್ಮೆ ಪಡುವಂಥದ್ದೇ. ಎರಡು ಫೋನುಗಳನ್ನು ಅವನು ನಿಜವಾಗಿಯೂ ಒಂದೇ ಹಾಗೆ ಮಾಡಿ ಕೊಟ್ಟಿದ್ದ.

ಫೋನಿನಿಂದ ಫೋನಿಗೆ ನಕಲಾಗುವಾಗ ಆಪ್‌ನ ಯಾವ ಭಾಗ ಹೋಗಬೇಕು, ಯಾವುದು ಹೋಗಬಾರದು ಎಂದು ಬರೆಯಲು ಆಪ್‌ನೊಳಗೇ ಜಾಗವಿದೆ. ಗುರುತು ನಕಲಾಗಬಾರದು ಎಂದು ಅಲ್ಲಿ ಬರೆಯಬೇಕಿತ್ತು. ನಾನು ಬರೆದಿರಲಿಲ್ಲ. ಅವತ್ತೇ ಸರಿಮಾಡಿದೆ, ಹತ್ತು ನಿಮಿಷದ ಕೆಲಸ.

ಮರುದಿನ ಗುಂಡೇರಾವ್ ಸರ್‌ಗೆ ಹೇಳಿದೆ. ಕನ್ನಡಕ ತೆಗೆದು ಒರೆಸುತ್ತ ಕೂತರು.

"ಆಕಿ ಬಾಟ್ಲಿ ತಂದಿದ್ದಳು," ಎಂದರು.

"ಹೌದ್ರಿ ಸರ್."

"ಹೊಸ ಹುಡುಗಿ ಸೇರಿ ವರ್ಷಾತು. ಈಕೀನ್ನ ಹ್ಯಾಂಗ ತಗಿಯೂದು ಈಗ? ಒಬ್ಬಾಕೀಗ ಹೇಳಿದ್ರ ತಗದವರೆಲ್ಲಾ ಬಂದು ಕುಂದರ್ತಾರ. ಶಿವರಾಯನೂ ಬರ್ತಾನ." ಕನ್ನಡಕ ಹಾಕಿಕೊಂಡು, "ಸುಧಾರಣೆ ಅಂತ ಬರದು ಮುಗಸು," ಎಂದರು.

ಆಪ್‌ನ ಹೊಸ ಆವೃತ್ತಿಯ ಜೊತೆ ಒಂದು ಸಾಲಿನ ವಿವರಣೆ ಹಾಕಬೇಕಾಗುತ್ತದೆ. "ಸಣ್ಣಪುಟ್ಟ ಸುಧಾರಣೆಗಳು" ಎಂದು ಬರೆದೆ. ನಿಮ್ಮ ಫೋನಿನಲ್ಲಿ ಈ ಸಾಲನ್ನು ನೀವು ಎಷ್ಟೋ ಸಲ ನೋಡಿರುತ್ತೀರಿ.

ಸರ್ ಮೇಲೆ ತಪ್ಪು ಹಾಕುತ್ತಿಲ್ಲ. ಇಜೇರಿಗೆ ಹೋಗಬೇಡ ಎಂದು ಅವರು ಹೇಳಲಿಲ್ಲ. ಕಲಬುರಗಿಯಿಂದ ಜೇವರ್ಗಿಗೆ ಬೇಕಾದಷ್ಟು ಬಸ್ಸುಗಳಿವೆ. ಎಂಟು ತಿಂಗಳು ನಾನೇ ಹೋಗಲಿಲ್ಲ. ಹೋಗಿ ಏನು ಹೇಳುವುದೆಂದು ವಾಕ್ಯ ಜೋಡಿಸುತ್ತಿದ್ದೆ. ಯಾವ ವಾಕ್ಯದಲ್ಲೂ ನಾನು ಕರ್ತೃವಾಗುತ್ತಿರಲಿಲ್ಲ. "ತಾಂತ್ರಿಕ ದೋಷ" ಎಂಬುದು ಮುಂದೆ ಬಂದು ನಿಲ್ಲುತ್ತಿತ್ತು.

ಕೆಲಸ ಬಿಟ್ಟ ಮೇಲೆ ಒಂದು ಬೆಳಗ್ಗೆ ಹೋದೆ. ಮಹಾನಂದಾ ಮನೆಯ ಕಟ್ಟೆಯ ಮೇಲೆ ಕೂತು ಹತ್ತಿ ಬಿಡಿಸುತ್ತಿದ್ದಳು. ನನ್ನನ್ನು ಗುರುತು ಹಿಡಿಯಲು ಅವಳಿಗೆ ಒಂದು ಕ್ಷಣವೂ ಬೇಕಾಗಲಿಲ್ಲ.

"ಬರ್ರಿ ಮೇಡಂ. ಫೋನ್ ಹೇಳ್ತದ ಅಂದಿದ್ರಿ. ಖುದ್ದು ಬಂದೀರಿ."

ಕೂತು ಎಲ್ಲ ಹೇಳಿದೆ. ಖಾಜಾಭಾಯಿಯ ನಕಲು, ನಾನು ಬರೆಯದೆ ಬಿಟ್ಟದ್ದು, ತಪ್ಪು ನನ್ನದು ಎಂಬುದು. ಅವಳು ಕೈ ನಿಲ್ಲಿಸಲಿಲ್ಲ. ಕಾಯಿಯಿಂದ ಹತ್ತಿ ಎಳೆದು ಗುಡ್ಡೆಗೆ ಹಾಕುತ್ತಲೇ ಇದ್ದಳು.

"ಊರಾಗ ನಾಲ್ಕು ಮಂದಿ ಮುಂದ ಹೇಳ್ತೇನ್ರಿ," ಎಂದೆ. "ನೀವು ಪ್ರತಿ ಬೋರಿಗೂ ಹೋಗಿದ್ರಿ ಅಂತ."

"ಬ್ಯಾಡ್ರಿ. ಮಂದಿ ಮರ್ತಾರ. ಈಗ ನೀವು ನೆನಪು ಮಾಡಿಕೊಡಬ್ಯಾಡ್ರಿ." ಆಮೇಲೆ, "ನಮ್ಮಕ್ಕಗ ನೀವು ಏನ್ ಕೇಳಿದ್ರಿ ಆವತ್ತು? ಇದ್ದಂಗೇ ಹೇಳ್ರಿ," ಎಂದಳು.

ಹೇಳಿದೆ. ಮೇಲೆ ಬರೆದ ಮೂರು ಮಾತು, ಒಂದೂ ಬಿಡದೆ.

ಅವಳ ಕೈ ನಿಂತಿತು. "ಇಬ್ಬರ ಹೆಸರೂ ತಗೀಬೇಕಾಗ್ತದ ಅಂತನೂ ಅಂದ್ರೇನು?"

"ಅಂದೇನ್ರಿ."

"ಅದು ನಿಮ್ಮ ಕಾಗದದಾಗ ಇರಲಿಲ್ಲ."

"ಇರಲಿಲ್ಲ."

"ಹಂಗ ಕೇಳಿದ್ರ ನಾನೂ ಇರಬಹುದು ಅಂತಿದ್ನೇನೋ," ಎಂದಳು ಮಹಾನಂದಾ. ನನಗೆ ಹೇಳಿದ ಹಾಗಿರಲಿಲ್ಲ. "ಆಕಿ ಫೋನ್ ಮಾ‍ಡಿದ್ದಳ್ರಿ, ಎರಡು ಸಲ. ನಾ ಎತ್ತಲಿಲ್ಲ. ಆಮ್ಯಾಲೆ ಆಕಿ ಬಿಟ್ಟಳು."

ಗಂಗೂಬಾಯಿಗೆ ನಾನೇ ಫೋನು ಮಾಡಿ ತಿಳಿಸಲೇ ಎಂದು ಕೇಳಿದೆ.

"ನೀವು ಆಕಿ ಕೂಡ ಮಾತಾಡಿದ್ದು ಸಾಕ್ರಿ," ಎಂದಳು.

ಒಳಗೆ ಹೋಗಿ ನೀರು ತಂದುಕೊಟ್ಟಳು, ಜೊತೆಗೆ ತನ್ನ ಫೋನು ತಂದಳು. ಅದೇ ಫೋನು, ಗಾಜು ಒಂದು ಮೂಲೆಯಲ್ಲಿ ಒಡೆದಿತ್ತು. ನಂಬರುಗಳ ಪಟ್ಟಿ ತೆರೆದು ತೋರಿಸಿದಳು. "ಸೊಲ್ಲಾಪುರ ಡಾಕ್ಟರ್" ಎಂದೊಂದು ಹೆಸರು. "ಇದು ಹೋದ ವರ್ಷ ಬಂತು. ನಮ್ಮಕ್ಕಗ ಏನ್ ಆಗಿತ್ತೋ ಗೊತ್ತಿಲ್ಲ." ಬೆರಳಿನಿಂದ ಕೆಳಗೆ ಸರಿಸಿದಳು. "ಸ್ವಾತಿ ಬೀಗರು" ಎಂದು ಇನ್ನೊಂದು. "ಸ್ವಾತಿ ಅಕ್ಕನ ಮಗಳು. ನಾ ಎತ್ತಿ ಆಡಿಸಿದಾಕಿ. ಲಗ್ನ ಗಟ್ಟಿ ಆಗ್ಯದ ಅಂತ ಇದರ ಮ್ಯಾಲೇ ತಿಳೀತು. ಆಮ್ಯಾಲೆ ಬ್ಯಾಂಡಿನವನ ನಂಬರ್ ಬಂತು. ಅಡಗಿಯವನದು ಬಂತು. ನಮಗ ಕರೀಲಿಲ್ಲ."

ಎರಡು ವರ್ಷಕ್ಕೂ ಹೆಚ್ಚು ಕಾಲ ಅಕ್ಕನ ಮನೆಯ ಸುದ್ದಿಯನ್ನು ಅವಳು ಹಾಗೆ ಓದಿದ್ದಳು. ನನ್ನ ಒಂಬತ್ತು ವರ್ಷದ ಕೆಲಸವೆಲ್ಲ ಒಂದು ಫೋನನ್ನು ಇನ್ನೊಂದರಿಂದ ಬೇರೆ ಮಾಡುವುದು. ಕೈ ಅಭ್ಯಾಸದಿಂದ ಮುಂದೆ ಹೋಯಿತು. "ಇದನ್ನ ಬ್ಯಾರೆ ಮಾಡಿ ಕೊಡ್ಲೇನ್ರಿ? ನಿಮ್ಮದೇ ಅಕೌಂಟ್ ಹಾಕ್ತೇನಿ. ಆಕಿ ಹೆಸರು ಬರೂದು ನಿಂತುಬಿಡ್ತದ," ಎಂದೆ.

ಅವಳು ಫೋನನ್ನು ತನ್ನ ಕಡೆ ಎಳೆದುಕೊಂಡಳು. "ನಿಮಗ ತಿಳಿಯಂಗಿಲ್ರಿ," ಎಂದಳು.

ಆಮೇಲೆ ನನ್ನ ನಂಬರು ಕೇಳಿದಳು. ಹೇಳಿದೆ. ಒಂದೊಂದೇ ಅಂಕೆ ಒತ್ತಿದಳು. ಹೆಸರಿನ ಜಾಗಕ್ಕೆ ಬಂದಾಗ ಬಹಳ ಹೊತ್ತು ಯೋಚಿಸಿ, ಅಕ್ಷರ ಹುಡುಕಿ ಹುಡುಕಿ ಬರೆದಳು. ತಿರುಗಿಸಿ ನನಗೆ ತೋರಿಸಿದಳು. ನನ್ನ ಹೆಸರಿರಲಿಲ್ಲ. "ಅಕ್ಕ ತಪ್ಪು ಇವರದು ನಮ್ಮದಲ್ಲ" ಎಂದಿತ್ತು.

"ಇದು ಈಗ ಹಿರೋಳ್ಳಿಗಿ ಹೋಗ್ತದಲ್ರಿ?"

"ಹೋಗ್ತದ," ಎಂದೆ.

"ಖಾತ್ರಿ?"

ಹೌದೆನ್ನಲು ಬಾಯಿ ತೆರೆದೆ. ಗಂಗೂಬಾಯಿ ಈಗಲೂ ಅದೇ ಫೋನು ಇಟ್ಟುಕೊಂಡಿರಬೇಕು, ಖಾತೆ ತೆಗೆಸಿರಬಾರದು, ನೆಟ್‌ವರ್ಕ್ ಸಿಗಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಅವಳು ಆ ಪಟ್ಟಿ ತೆರೆದು ನೋಡಬೇಕು. "ಹೋಗಬೇಕ್ರಿ," ಎಂದೆ. "ಖಾತ್ರಿ ಹೇಳಲಾರೆ."

ಮಹಾನಂದಾ ತಲೆಯಾಡಿಸಿ ಫೋನನ್ನು ಹತ್ತಿಯ ಪಕ್ಕದಲ್ಲಿ ಇಟ್ಟುಕೊಂಡಳು, ಪರದೆ ಮೇಲೆ ಮಾಡಿ. ನಾನು ನೀರು ಕುಡಿದು ಎದ್ದೆ.

ಹಿರೋಳ್ಳಿಯಿಂದ ಇಲ್ಲಿಯವರೆಗೆ ನನಗೆ ಕರೆ ಬಂದಿಲ್ಲ. ನಾನು ನಂಬರು ಬದಲಿಸಿಲ್ಲ.